ಅಜ್ಜನವರು ಕಟ್ಟಿಸಿದ ಉಡಿ

ಎರೆಹೊಸೂರಿನ ಮಠಕ್ಕೆ ಆಗ ಗೋಪುರವಿರಲಿಲ್ಲ. ಮಣ್ಣಿನ ಮಾಳಿಗೆ, ಮುಂದೆ ಒಂದು ಬೇವಿನ ಮರ, ಪಕ್ಕದಲ್ಲಿ ತಗಡು ಹೊದಿಸಿದ ಶಾಲೆ. ಪೂಜ್ಯ ಹಾಲಯ್ಯ ಅಜ್ಜನವರ ಸಂಸ್ಥಾನವೆಂದರೆ ಇಷ್ಟೇ. ಪೂಜೆ ಮುಗಿದ ಮೇಲೆ ಅವರು ಬೇವಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಕೂಡುತ್ತಿದ್ದರು. ಮಕ್ಕಳು ಅವರ ಹೆಗಲಿಗೆ ಒರಗಿಕೊಂಡೇ ಮಗ್ಗಿ ಒಪ್ಪಿಸುವಷ್ಟು ಸಲಿಗೆ.

ನೆಲವನ್ನು ನಂಬಿ ಬದುಕುವುದು ಓದು ಹತ್ತದವರ ಪಾಲಿಗೆ ಬಿಟ್ಟ ಕೆಲಸವಲ್ಲ, ಅದೂ ವಿದ್ಯೆಯೇ ಎಂಬುದು ಅಜ್ಜನವರ ನಿಲುವು. ಆ ವರ್ಷದಿಂದ ದೊಡ್ಡ ತರಗತಿಯ ಹುಡುಗ ಹುಡುಗಿಯರಿಗೆ ಮಠದ ಹೊಲದಲ್ಲೂ ಪಾಠ ಶುರುವಾಯಿತು. ಗೊಬ್ಬರದ ಗುಂಡಿ ತುಂಬುವುದು, ಹಾಲು ಕರೆಯುವುದು, ಮಾವಿಗೆ ಕಸಿ ಕಟ್ಟುವುದು ಕಲಿತಾಗಿತ್ತು. ಹಸ್ತ ಮಳೆ ಆಗಿ ನೆಲ ಹದಕ್ಕೆ ಬಂದಾಗ ಬಿಳಿಜೋಳದ ಬಿತ್ತನೆಯ ಸರದಿ ಬಂತು.

ಎತ್ತು, ಬಿತ್ತುವ ಕೂರಿಗೆ ಕೊಟ್ಟವರು ನಮ್ಮ ಮಾವನವರು, ರುದ್ರಗೌಡರು. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಆ ಮನೆಗೆ ಸೊಸೆಯಾಗಿ ಬಂದ ವರ್ಷ ಅದು. ಮಕ್ಕಳಿಗೆ ಶೇಂಗಾ-ಬೆಲ್ಲ ಹಂಚಲು ಹೊಲಕ್ಕೆ ಹೋಗಿದ್ದರಿಂದ ಮುಂದಿನದನ್ನೆಲ್ಲ ಕಣ್ಣಾರೆ ಕಂಡು ಬರೆಯುತ್ತಿದ್ದೇನೆ.

ಬಿತ್ತುವ ಹೆಣ್ಣುಮಗಳು ಬೀಜವನ್ನು ಸೀರೆಯ ಉಡಿಯಲ್ಲಿ ಕಟ್ಟಿಕೊಂಡು, ಕೂರಿಗೆಯ ಹಿಂದೆ ನಡೆಯುತ್ತ, ಅದರ ಬಟ್ಟಲಿಗೆ ಮುಷ್ಟಿಯಿಂದ ಒಂದೇ ಸಮನೆ ಕಾಳು ಬಿಡಬೇಕು. ಅದನ್ನು ಕಲಿಸಲು ಒಪ್ಪಿದ್ದಾಕೆ ಅಂದು ಬರಲಿಲ್ಲ. ಹದ ಎಲ್ಲರ ಹೊಲಕ್ಕೂ ಒಮ್ಮೆಲೇ ಬಂದಿತ್ತು. ಬಿತ್ತುವ ಕೈಗಳೆಲ್ಲ ತಂತಮ್ಮ ಹೊಲದಲ್ಲಿದ್ದವು. ಬಿಸಿಲು ಏರುತ್ತಿತ್ತು. ಇನ್ನೊಂದು ದಿನ ತಡೆದರೆ ನೆಲ ಆರುತ್ತದೆ, ಮಕ್ಕಳ ಹೊಲ ಬೀಳು ಬೀಳುತ್ತದೆ.

ಅಷ್ಟರಲ್ಲಿ ಮಠದ ಅಡುಗೆಯ ದುಂಡವ್ವ ಮಜ್ಜಿಗೆಯ ಕೊಡ ಹೊತ್ತು ಬಂದಳು. ಒಂದು ಕಾಲಕ್ಕೆ ಬಿತ್ತನೆಗೆ ಸುತ್ತಲಿನವರೆಲ್ಲ ಆಕೆಯನ್ನೇ ಕರೆಯುತ್ತಿದ್ದರು. ಹಿಂದಿನ ವರ್ಷ ಗಂಡ ತೀರಿಕೊಂಡ ಮೇಲೆ ಯಾರೂ ಆಕೆಗೆ ಬೀಜ ಮುಟ್ಟಗೊಟ್ಟಿರಲಿಲ್ಲ. ಉಡಿ ತುಂಬುವುದು ಮುತ್ತೈದೆಗೆ ಎಂಬುದು ನಮ್ಮ ಕಡೆಯ ರೂಢಿ.

"ದುಂಡವ್ವ, ಈ ಹುಡುಗರಿಗೆ ನೀನ ಕಲಸವ್ವ," ಎಂದರು ಅಜ್ಜನವರು.

ಆಕೆ ಹಿಂದೆ ಸರಿದಳು. "ಬ್ಯಾಡ್ರಿ ಯಪ್ಪಾ. ನನ್ನ ಕೈ ಹತ್ತಿದ್ರ ಹುಡುಗರ ಬೆಳಿ ಕೆಡತೈತಿ."

"ಆಕಿನ ಹೇಳಾಕತ್ತಾಳ್ರಿ ಅಜ್ಜಾರ," ಎಂದರು ಎತ್ತಿನ ಬಳಿ ನಿಂತಿದ್ದ ಮಾವನವರು. "ನಾಳೆ ಇದ ಕೂರಿಗಿ ನನ್ನ ಹೊಲಕ್ಕ ಹೋಗಬೇಕು."

ಅಜ್ಜನವರು ಸಿಟ್ಟಾಗಲಿಲ್ಲ. "ಗೌಡ್ರ, ಮುಂಜಾನೆ ಮಠದಾಗ ಏನ್ ಉಂಡ್ರಿ?"

"ರೊಟ್ಟಿ ಉಂಡ್ನಿ."

"ಯಾರು ಬಡದಿದ್ದು?"

ಮಾವನವರು ದುಂಡವ್ವನ ಕಡೆ ನೋಡಿದರು.

"ನಿಮ್ಮ ಹೊಟ್ಟಿಗಿ ಒಗ್ಗಿದ ಕೈಯನ್ನ ಭೂಮಿತಾಯಿ ಒಲ್ಲೆ ಅಂತಾಳೇನು?"

ಅಷ್ಟೇ ಅಂದು ಜೋಳದ ಪುಟ್ಟಿಯನ್ನು ಹುಡುಗಿಯರ ಮುಂದೆ ಸರಿಸಿದರು. "ಎಷ್ಟು ಹಾಕೂಣ್ರಿ ಅಜ್ಜಾರ?" ಎಂದು ಕಸ್ತೂರಿ ಎಂಬ ಹುಡುಗಿ ಕೇಳಿದಳು. "ತುಂಬೂಮಟ," ಎಂದರು. ಹುಡುಗಿಯರು ದುಂಡವ್ವನ ಉಡಿ ತುಂಬಿದರು. ಗಂಟು ಹಾಕಿಕೊಳ್ಳಲು ಆಕೆಯ ಕೈ ಏಳಲಿಲ್ಲ. ಕಸ್ತೂರಿಯೇ ಕಟ್ಟಿದಳು.

ಮೊದಲ ಸಾಲಿನಲ್ಲಿ ದುಂಡವ್ವ ತಲೆ ಎತ್ತಲಿಲ್ಲ. ನಾಲ್ಕು ಸಾಲು ತಿರುಗುವುದರೊಳಗೆ ಮೇಷ್ಟ್ರನ್ನು ಮೀರಿಸಿ ಗದರುತ್ತಿದ್ದಳು. "ಏ ಬಾಡ್ಯಾ, ಸಾರಿಗೆ ಉಪ್ಪು ಒಗದಂಗ ಒಗೀಬ್ಯಾಡ! ಮುಷ್ಟಿ ಸಡಲ ಬಿಡು, ಹೆಬ್ಬೆರಳು ಆಡಸು!"

ಮಕ್ಕಳ ಸಾಲಿನ ಕೊನೆಗೆ ಅಜ್ಜನವರೂ ಕಾವಿ ಎತ್ತಿಕಟ್ಟಿ ನಿಂತಿದ್ದರು. ಸಣ್ಣಂದಿನಿಂದ ಮಠದಲ್ಲೇ ಬೆಳೆದ ಅವರು ಎಂದೂ ಬಿತ್ತಿದವರಲ್ಲ. ಆಕೆ ಅವರನ್ನೂ ಬಿಡಲಿಲ್ಲ. "ಅಜ್ಜಾರ, ಎತ್ತು ಮುಂದ ಹೋದ್ವು, ನಿಮ್ಮ ಕೈ ಇನ್ನೂ ಜಪಾ ಮಾಡಾಕತ್ತೈತಿ!" ಹೊಲವೆಲ್ಲ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಅಜ್ಜನವರು.

ಮಾವನವರು ಮಾತ್ರ ನಗಲಿಲ್ಲ. ಸಂಜೆ ಕೂರಿಗೆಯನ್ನು ತೊಳೆಸಿಯೇ ಮನೆಯೊಳಗೆ ತಂದರು.

ಜೋಳ ಮೊಳಕೆ ಒಡೆದ ಸುದ್ದಿ ಬಂದಾಗ ಮಾವನವರು ನೋಡಲು ಹೊರಟರು; ಹಿಂದೆ ನಾನೂ ಹೋದೆ. ಒಂದು ಕಡೆ ಸಸಿ ಒತ್ತೊತ್ತಾಗಿ ಎದ್ದಿತ್ತು, ಒಂದು ಕಡೆ ನೆಲ ಬರಿದಾಗಿತ್ತು. "ಇಷ್ಟು ಬಯಲು ಬಿಟ್ಟ ಜಾಣ ಯಾವನೋ?" ಎಂದು ಮಾವನವರು ನಗುತ್ತ ಕೇಳಿದರು.

"ಅಜ್ಜಾರ್ರೀ!" ಎಂದು ಮಕ್ಕಳು ಒಟ್ಟಿಗೇ ಕೂಗಿದರು.

ನೋಡಿದರೆ ಪೂಜ್ಯರು ಅಲ್ಲೇ ಮೊಣಕಾಲೂರಿ ಕೂತು, ತಮ್ಮ ಸಾಲಿನ ಬಯಲಿಗೆ ಬೆರಳಿನಿಂದ ಕಾಳು ಊರುತ್ತಿದ್ದರು. "ತಪ್ಪಿದಲ್ಲಿ ಮತ್ತ ಊರೂದೂ ಪಾಠನ ಗೌಡ್ರ," ಎಂದರು, ಮುಖ ಎತ್ತದೆ.

ಮಾವನವರ ನಗು ನಿಂತಿತು. ದುಂಡವ್ವ ಬಿತ್ತಿದ ಸಾಲುಗಳು ಪಕ್ಕದಲ್ಲೇ ಹಸಿರು ದಾರ ಎಳೆದಂತೆ ಇದ್ದವು. ಅವರು ಆ ಸಾಲುಗಳನ್ನು ನೋಡುತ್ತ ನಿಂತರು. ಆಮೇಲೆ ಅಜ್ಜನವರ ಪಾದಕ್ಕೆ ಹಣೆ ಮುಟ್ಟಿಸಿ ನೇರ ಮಠದ ಅಡುಗೆಮನೆಗೆ ಹೋದರು.

"ದುಂಡವ್ವ, ಕೆಳಗಿನ ಹೊಲಕ್ಕ ಕಡ್ಲಿ ಬಿತ್ತೂದೈತಿ. ನಾಳೆ ನೀ ಬರಬೇಕವಾ ತಂಗಿ."

ಆಕೆ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. "ಬರತೀನ್ರಿ ಗೌಡ್ರ. ಬೀಜ ಪುಟ್ಟಿಯೊಳಗ ಹಿಡಕೊಳ್ತೀನಿ. ಉಡಿ ಬ್ಯಾಡ್ರಿ, ನಿಮ್ಮ ಮನಿ ಮಂದಿ ಏನರ ಅಂದಾರು."

"ಅಜ್ಜಾರು ಕಟ್ಟಿಸಿದ ಉಡಿ ಬಿಚ್ಚಸಾಕ ನಾ ಯಾವ ಗೌಡನವಾ?" ಎಂದರು ಮಾವನವರು. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನ ಹೊಲದ ಬದುವಿನ ಮೇಲೆ, ಊರವರು ನೋಡುತ್ತಿರಲು, ಮಾವನವರು ಪುಟ್ಟಿ ಹಿಡಿದುಕೊಂಡು ನಿಂತರು. ದುಂಡವ್ವನ ಉಡಿಗೆ ಕಡಲೆ ತುಂಬಿದವಳು ನಾನು. ಅಂದು ಗಂಟನ್ನು ಆಕೆಯೇ ಕಟ್ಟಿಕೊಂಡಳು.