ಮಹಾರಾಜರು ನಿಂತುಕೊಂಡೇ ಬಂದರು

“ಮತ್ತೆ ಬಾಯಿ ಹಾಕಿದಿರಿ, ಮಹಾಸ್ವಾಮಿ! ಬೆಳಿಗ್ಗೆಯಿಂದ ಇದು ಏಳನೇ ಸಲ. ಒಂದು ಅರ್ಜಿಯನ್ನು ಕೊನೆಯವರೆಗೆ ಓದಲು ಬಿಟ್ಟರೆ ಕಿರೀಟ ಜಾರಿ ಬೀಳುತ್ತದೆಯೇ?”

ಸಂದಣಿಪುರದ ಆಸ್ಥಾನದಲ್ಲಿ ಹೀಗೆ ಮಾತಾಡಿಯೂ ತಲೆ ಉಳಿಸಿಕೊಂಡವಳು ದೇಮವ್ವ ಒಬ್ಬಳೇ. ಪ್ರಜೆಗಳ ಅರ್ಜಿಗಳನ್ನು ಓದಿ ಹೇಳುವುದು ಅವಳ ಕೆಲಸ. ಓದಗೊಡದಿರುವುದು ದೊರೆ ರಣಭೈರವರಾಯನ ಕೆಲಸ.

“ಅರ್ಜಿ ಹಾಗಿರಲಿ, ನನ್ನ ರೈಲಿನ ಸುದ್ದಿ ಕೇಳು” ಎಂದ ದೊರೆ.

ಊರು ವಿಪರೀತ ಕಿಕ್ಕಿರಿದಿತ್ತು. ಬೀದಿಯಲ್ಲಿ ತಲೆ ತುರಿಸಿಕೊಂಡರೆ ಅದು ಪಕ್ಕದವನ ತಲೆಯಾಗಿರುತ್ತಿತ್ತು. ಅರಮನೆಯಿಂದ ಹೊರಟ ಪಲ್ಲಕ್ಕಿ ಕೆರೆ ಮುಟ್ಟುವಷ್ಟರಲ್ಲಿ ಹೊರುವವರಿಗೆ ಗಡ್ಡ ಬೆಳೆದಿರುತ್ತಿತ್ತು. ಅದಕ್ಕೇ ದೊರೆ ಜನರ ತಲೆಯ ಮೇಲೆ ಕಂಬ ನಿಲ್ಲಿಸಿ ರೈಲು ಓಡಿಸಲು ಹೊರಟಿದ್ದ. ಒಂದು ಕಂಬ ಎದ್ದರೆ ಸಾಕು, ಗಾರೆ ಒಣಗುವ ಮೊದಲೇ ಅದರ ಬುಡದಲ್ಲಿ ಒಬ್ಬ ಬಜ್ಜಿ ಬಾಣಲೆ ಇಡುತ್ತಿದ್ದ, ಇನ್ನೊಬ್ಬಳು ಹಗ್ಗ ಕಟ್ಟಿ ಸೀರೆ ಒಣಹಾಕುತ್ತಿದ್ದಳು. ಹಾಗೂ ಹೀಗೂ ಅರಮನೆಯಿಂದ ಕೆರೆಯವರೆಗೆ ಹಳಿ ಬಿದ್ದಿತ್ತು. ಮರುದಿನವೇ ಮೊದಲ ಓಟ.

“ಇನ್ನು ಕೆರೆಯಿಂದ ಸಂತೆಮಾಳದವರೆಗೆ” ಎಂದು ಮಂತ್ರಿ ಪುಂಡಲೀಕ ನಕ್ಷೆ ಬಿಡಿಸಿದ. “ನಡುವೆ ಬಳೆಗಾರರ ಓಣಿಯಲ್ಲಿ ನಿಲ್ದಾಣ. ನಲವತ್ತು ಮನೆ ಕೆಡವಿದರೆ ಮುಗಿಯಿತು.”

ದೇಮವ್ವನ ಕೈಯಲ್ಲಿದ್ದ ಅರ್ಜಿಯೂ ಅದೇ ಓಣಿಯವರದು. ನಲವತ್ತರಲ್ಲಿ ಒಂದು ಮನೆ ಅವಳದು.

“ಮಂತ್ರಿಗಳೇ, ಇಷ್ಟು ನೆಟ್ಟಗೆ ಬಂದ ಗೆರೆ ಇಲ್ಲೇಕೆ ಸೊಟ್ಟಗಾಯಿತು?”

“ನೆಟ್ಟಗೆ ಹೋದರೆ ನನ್ನ ಮಾವಿನ ತೋಪಿದೆಯಲ್ಲ! ಮರಗಳು ಬೆದರುತ್ತವೆ.”

“ಮನುಷ್ಯರು ಬೆದರುವುದಿಲ್ಲವೇ?”

“ಮನುಷ್ಯರಿಗೆ ಕಾಲಿದೆ. ಬೇರೆ ಕಡೆ ಹೋಗುತ್ತಾರೆ.”

ದೇಮವ್ವ ದೊರೆಯ ಕಡೆ ತಿರುಗಿದಳು. “ಮಹಾಸ್ವಾಮಿ, ಕೂತವರನ್ನು ಎಬ್ಬಿಸುವುದು ಅಷ್ಟು ಸುಲಭ...”

“ಅವರನ್ನು ಎಬ್ಬಿಸುವುದೇನು ಮಹಾ! ಕಷ್ಟ ನನ್ನನ್ನು ಎಬ್ಬಿಸುವುದು!” ದೊರೆ ತೊಡೆ ತಟ್ಟಿದ. “ನಾಳೆ ಮೊದಲ ರೈಲಿನಲ್ಲಿ ನಾನು ಕೆರೆಗೆ ಹೋಗಿ ಬರುತ್ತೇನೆ. ನನ್ನ ಕಾವಲಿನವರ ಮೈಮುಟ್ಟದೆ, ಒಂದು ಸುಳ್ಳೂ ಹೇಳದೆ, ನನ್ನನ್ನು ಕೂರಗೊಡದೆ ದಾರಿಯುದ್ದಕ್ಕೂ ನಿಲ್ಲಿಸಿಬಿಡು ನೋಡೋಣ. ನಿಲ್ಲಿಸಿದರೆ ಓಣಿ ಉಳಿಯಿತು. ಇಲ್ಲವಾದರೆ ಸಂಜೆಯೊಳಗೆ ಎಲ್ಲರೂ ಗಂಟುಮೂಟೆ ಕಟ್ಟಿ.”

ದೇಮವ್ವ ಓಣಿಗೆ ಬಂದಳು. ಹೆಂಗಸರು ಮುತ್ತಿಕೊಂಡರು. “ಏನಕ್ಕಾ, ಪಾತ್ರೆಪಗಡ ಕಟ್ಟೋಣವೇ?”

“ಪಾತ್ರೆ ಒಲೆಯ ಮೇಲೇ ಇರಲಿ ಕಣ್ರೇ. ಮನೆಗೆ ಎರಡರಂತೆ ಟವೆಲ್ ಕೊಡಿ. ಟವೆಲ್ ಇಲ್ಲದವರು ಏನಿದ್ದರೆ ಅದು ಕೊಡಿ.”

ಸಂದಣಿಪುರದಲ್ಲಿ ಒಂದು ಪದ್ಧತಿಯಿತ್ತು. ಗಾಡಿಯಿರಲಿ, ದೋಣಿಯಿರಲಿ, ಹರಿಕಥೆಯ ಚಾಪೆಯಿರಲಿ, ಮೊದಲು ಟವೆಲ್ ಎಸೆದವರದೇ ಜಾಗ. ಕಳ್ಳರು ಮನೆಯನ್ನೆಲ್ಲ ದೋಚಿದರೂ ಟವೆಲ್ ಹಾಸಿದ ಕುರ್ಚಿಯನ್ನು ಮುಟ್ಟುತ್ತಿರಲಿಲ್ಲ. ಇನ್ನೊಬ್ಬರ ಟವೆಲ್ ಎತ್ತಿದವನಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಅಷ್ಟೇಕೆ, ದೊರೆಯ ಅಜ್ಜ ಪಟ್ಟಕ್ಕೆ ಬಂದದ್ದೇ ಅಣ್ಣನಿಗಿಂತ ಮೊದಲು ಸಿಂಹಾಸನದ ಮೇಲೆ ಟವೆಲ್ ಎಸೆದು.

ಬೆಳಗಾಯಿತು. ಕಹಳೆ ಮೊಳಗಿತು. ಹೊಗಳುಭಟ “ಬಾಗಿಲು ಎಡಗಡೆಗೆ ತೆರೆಯಲಿದೆ, ಪರಾಕ್!” ಎಂದು ಕೂಗಿದ. ದೊರೆ ರೈಲಿನೊಳಗೆ ಕಾಲಿಟ್ಟ.

ಒಂದು ನರಪಿಳ್ಳೆಯಿಲ್ಲ. ಸೀಟು ಮಾತ್ರ ಒಂದೂ ಖಾಲಿಯಿಲ್ಲ. ಎಲ್ಲಿ ನೋಡಿದರೂ ಟವೆಲ್; ಟವೆಲ್ ಸಾಲದ ಕಡೆ ಸಿಕ್ಕಿದ್ದು. ಒಂದರ ಮೇಲೆ ಕೂಸಿನ ಕುಲಾವಿ, ಒಂದರ ಮೇಲೆ ಒಂಟಿ ಚಪ್ಪಲಿ, ಒಂದರ ಮೇಲೆ ಬದನೆಕಾಯಿ. ದೊರೆಗೆಂದೇ ಮಾಡಿಸಿದ ಬೆಳ್ಳಿಯ ಸೀಟಿನ ಮೇಲೆ ಅರಿಶಿನದ ಕಲೆಯಾದ ಹಳೇ ಚೌಕುಳಿ ಟವೆಲ್.

ದೊರೆ ಅದರತ್ತ ಕೈ ಚಾಚಿದ. ಅಜ್ಜ ನೆನಪಾದ. ಕೈ ಹಿಂದಕ್ಕೆ ಬಂತು.

“ಪುಂಡಲೀಕಾ, ಇದನ್ನು ಎತ್ತು.”

“ಮಹಾಸ್ವಾಮಿ, ನನಗೆ ಮದುವೆಗಿರುವ ಗಂಡುಮಕ್ಕಳು ಮೂವರಿದ್ದಾರೆ!”

ರೈಲು ಹೊರಟಿತು. ತಿರುವು ಬಂದಾಗ ದೊರೆ ಮಂತ್ರಿಯ ಮೇಲೆ ಬಿದ್ದ, ಮಂತ್ರಿ ಹೊಗಳುಭಟನ ಮೇಲೆ ಬಿದ್ದ, ಹೊಗಳುಭಟ ಕೆಳಗಿದ್ದುಕೊಂಡೇ “ಪರಾಕ್” ಎಂದ. ಕೆರೆಗೆ ಹೋಗಿ ಬರುವಷ್ಟರಲ್ಲಿ ಕಿರೀಟ ದೊರೆಯ ಮೂಗಿನವರೆಗೆ ಇಳಿದಿತ್ತು.

ಅರಮನೆಯ ನಿಲ್ದಾಣದಲ್ಲಿ ದೇಮವ್ವ ಕೈಮುಗಿದು ನಿಂತಿದ್ದಳು.

“ಆ ಚೌಕುಳಿ ಟವೆಲ್ ಯಾರದು?” ದೊರೆ ಗುಡುಗಿದ.

“ನನ್ನದೇ, ಮಹಾಸ್ವಾಮಿ.”

“ನೀನು ರೈಲು ಹತ್ತಲೇ ಇಲ್ಲವಲ್ಲ!”

“ಬೆಳಗಿನ ಜಾವ ಕಿಟಕಿಯಿಂದ ಹಾಕಿ ಮನೆಗೆ ಹೋಗಿದ್ದೆ. ದೋಸೆ ಹುಯ್ಯುವುದಿತ್ತು.”

“ಒಂದು ಗಳಿಗೆಯೂ ಕೂರದ ಸೀಟಿಗಾಗಿ ನನ್ನನ್ನು ನಿಲ್ಲಿಸಿದೆಯಾ?”

“ನಾನೆಲ್ಲಿ ನಿಲ್ಲಿಸಿದೆ? ಎತ್ತಿ ಎಸೆದು ಕೂರಬಹುದಿತ್ತು.”

“ಹಾಕಿದ ಟವೆಲ್ ಎತ್ತುವುದಾ? ನಾನೇನು ಪರದೇಶಿಯೇ? ಅದು ಮಹಾ ಅನ್ಯಾಯ!”

“ಹೌದಲ್ಲವೇ, ಮಹಾಸ್ವಾಮಿ? ಇವತ್ತು ಬೆಳಿಗ್ಗೆ ಎಸೆದ ಒಂದು ಹರಕು ಟವೆಲನ್ನು ಎತ್ತಲು ನಿಮಗೆ ಕೈ ಬರಲಿಲ್ಲ. ಬಳೆಗಾರರ ಓಣಿಯಲ್ಲಿ ನಾಲ್ಕು ತಲೆಮಾರು ಚಾಪೆ ಹಾಸಿ ಮಲಗಿದ್ದೇವೆ. ಅದನ್ನು ಯಾವ ಕೈಯಲ್ಲಿ ಎತ್ತುತ್ತೀರಿ?”

ದೊರೆ ಕಿರೀಟ ಮೇಲಕ್ಕೆತ್ತಿ ಅವಳನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

“ಪುಂಡಲೀಕಾ, ಗೆರೆ ನೆಟ್ಟಗಾಗಲಿ. ನಿಲ್ದಾಣ ನಿನ್ನ ತೋಪಿನಲ್ಲಿ.”

“ಮಹಾಸ್ವಾಮಿ, ಮರಗಳು...”

“ಮರಗಳಿಗೆ ನಾನೇ ಸಮಾಧಾನ ಹೇಳುತ್ತೇನೆ.”

ಓಣಿ ಉಳಿಯಿತು. ದೇಮವ್ವನಿಗೆ ಜರಿಯಂಚಿನ ಟವೆಲ್ ಬಹುಮಾನವಾಗಿ ಬಂತು. ಸುದ್ದಿ ಊರೆಲ್ಲ ಹಬ್ಬಿತು. ಮಾರನೇ ದಿನದಿಂದ ಸಂದಣಿಪುರದವರೆಲ್ಲ ಕೋಳಿ ಕೂಗುವ ಮೊದಲೇ ರೈಲಿಗೆ ಟವೆಲ್ ಎಸೆದು, ಇನ್ನು ಅವಸರವಿಲ್ಲವೆಂದು ಮನೆಗೆ ಹೋಗತೊಡಗಿದರು. ಟವೆಲ್ಲುಗಳು ದಿನವಿಡೀ ಗಾಳಿ ತಿನ್ನುತ್ತ ಕೆರೆಗೆ ಹೋಗಿ ಬಂದವು. ಕೆಳಗೆ ಬೀದಿಯಲ್ಲಿ ಜನ ಹಿಂದಿನಂತೆಯೇ ಪಕ್ಕದವನ ತಲೆ ತುರಿಸಿದರು.

ಎಂಟನೇ ದಿನ ದೊರೆ ದೇಮವ್ವನನ್ನು ಕರೆಸಿದ.

“ಟವೆಲ್ಲುಗಳೇನೋ ಸುಖವಾಗಿ ಓಡಾಡುತ್ತಿವೆ, ದೇಮವ್ವಾ. ಜನ ಓಡಾಡುವುದು ಯಾವುದರಲ್ಲಿ?”