ಶೀತಳೇಂದ್ರನ ಕಾರಿನ ಫ್ಯಾನು ತಿರುಗಿದ ಕತೆ

ಒಂದಾನೊಂದು ಊರಿನಲ್ಲಿ, ಅಂದರೆ ಒಂದೇ ಒಂದು ಕಾರಿದ್ದ ಊರಿನಲ್ಲಿ, ಶೀತಳೇಂದ್ರ ಎಂಬ ಅರಸನಿದ್ದ. ಆ ಊರು ಎಲ್ಲಿದೆ ಎಂದು ಮಾತ್ರ ಕೇಳಬೇಡಿ. ಕೇಳಿದಷ್ಟೂ ಅದು ಒಂದೊಂದು ಹರದಾರಿ ಆಚೆ ಸರಿಯುತ್ತದೆ.

ಆ ಊರಿನಲ್ಲಿ ಅರಸನಿಗೆ ನಮಸ್ಕಾರ ಹೇಳುವ ಪದ್ಧತಿ ಇರಲಿಲ್ಲ. ಎದುರಿಗೆ ಬಂದವರು ಮೊದಲು "ಎಲ್ಲಾ ತಂಪಾಗೈತೆ ಬುದ್ಧಿ" ಅನ್ನಬೇಕು. ಮನೆಗೆ ಬೆಂಕಿ ಬಿದ್ದು ಓಡಿ ಬಂದವನೂ ಮೊದಲು "ಎಲ್ಲಾ ತಂಪಾಗೈತೆ ಬುದ್ಧಿ" ಅನ್ನಬೇಕು. ಹಾಗಂದ ಮೇಲೆ ಬೆಂಕಿಯ ಮಾತು ಎತ್ತುವುದು ಹೇಗೆ? ಪಾಪ, ಅವನು ಒಂದು ಲೋಟ ಮಜ್ಜಿಗೆ ಕುಡಿದು ವಾಪಸು ಹೋಗುತ್ತಿದ್ದ.

ಅರಸನಿಗೆ ಕಾರಿನಲ್ಲಿ ಇಷ್ಟವಾದದ್ದು ಒಂದೇ. ಸ್ಟೇರಿಂಗಿನ ಹಿಂದೆ ಇರುವ ಟೆಂಪರೇಚರ್ ಮುಳ್ಳು. ಅದು ಸರಿಯಾಗಿ ನಡುವೆ ನಿಂತಿರಬೇಕು. ನಿಂತೂ ಇತ್ತು. ಆದರೆ ಊರ ಹೊರಗಿನ ದಿಬ್ಬವನ್ನು ಅರ್ಧ ಹತ್ತುವಷ್ಟರಲ್ಲಿ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಏಳುತ್ತಿತ್ತು. ಕಾರು ನಿಲ್ಲುತ್ತಿತ್ತು. ಮುಳ್ಳು ಮಾತ್ರ ನಡುವೆಯೇ! ಹೀಗಾಗಿ ದಿಬ್ಬದ ಆಚೆ ಏನಿದೆ ಎಂದು ಅರಸನಿಗೆ ಇನ್ನೂ ಗೊತ್ತಿರಲಿಲ್ಲ.

ರಿಪೇರಿಗೆ ಬಂದ ಮಿಸ್ತ್ರಿಗಳು ಒಬ್ಬೊಬ್ಬರಾಗಿ ಸೋತರು. ಸೋತವರಿಗೆ ಒಂದೇ ಶಿಕ್ಷೆ. ಕೈಗೊಂದು ಮೊರ ಕೊಟ್ಟು, ಕಾರಿನ ಮುಂದೆ ಓಡುತ್ತಾ ಎಂಜಿನ್ನಿಗೆ ಗಾಳಿ ಹಾಕಲು ನಿಲ್ಲಿಸುತ್ತಿದ್ದರು. ಅರಸನಿಗೆ ಬೆನ್ನು ತೋರಿಸುವ ಹಾಗಿಲ್ಲವಲ್ಲ, ಆದ್ದರಿಂದ ಅವರು ಹಿಂದುಹಿಂದಕ್ಕೇ ಓಡಬೇಕು. ದಿಬ್ಬವನ್ನೂ ಹಿಂದುಹಿಂದಕ್ಕೇ ಹತ್ತಬೇಕು. ಹೀಗೆ ಓಡುತ್ತಿದ್ದ ಹನ್ನೊಂದು ಜನರಲ್ಲಿ ಮಾಯಣ್ಣನೂ ಒಬ್ಬ.

ಮಾಯಣ್ಣನ ಹೆಂಡತಿ ದ್ಯಾವೀರಮ್ಮ. ಅವಳೂ ಮಿಸ್ತ್ರಿಯೇ, ಗಂಡನಿಗಿಂತ ಒಂದು ಕೈ ಮೇಲು. ಮೂರು ವರ್ಷ ಕಾದಳು. ಗಂಡ ಬರಲಿಲ್ಲ. ಒಂದು ಬೆಳಗ್ಗೆ ಸ್ಪ್ಯಾನರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅರಮನೆಗೆ ಬಂದೇಬಿಟ್ಟಳು.

"ಎಲ್ಲಾ ತಂಪಾಗೈತೆ ಬುದ್ಧಿ. ಕಾರು ನಾನು ಸರಿ ಮಾಡ್ತೀನಿ. ಆಮೇಲೆ ನಮ್ ಯಜಮಾನ್ರನ್ನ ಬಿಟ್ಬಿಡಬೇಕು."

"ಆಗದಿದ್ದರೆ?" ಎಂದ ಅರಸ.

"ಹನ್ನೆರಡನೇ ಮೊರ ನಂಗೇ ಕೊಡಿ."

ದ್ಯಾವೀರಮ್ಮ ಬಾನೆಟ್ಟು ಎತ್ತಿದಳು. ರೇಡಿಯೇಟರಿನಲ್ಲಿ ನೀರು ತುಂಬಿತ್ತು. ಫ್ಯೂಸು ತೆಗೆದು ಬೆಳಕಿಗೆ ಹಿಡಿದಳು. ಅದರ ತಂತಿ ನೆಟ್ಟಗಿತ್ತು. ಆಮೇಲೆ ಫ್ಯಾನಿನ ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು.

"ಏನಪ್ಪಾ, ಮೈಗೆ ಹುಷಾರಿಲ್ವಾ?"

"ನಂಗೇನಾಗೈತವ್ವ! ಗುಂಡುಕಲ್ಲು ಇದ್ದಂಗಿವ್ನಿ. ತಿರುಗು ಅಂತ ಹೇಳೋರೇ ಇಲ್ಲ," ಎಂದಿತು ಫ್ಯಾನು.

ಅವಳು ಬ್ಯಾಟರಿಯಿಂದ ಎರಡು ವಯರು ಎಳೆದು ಫ್ಯಾನಿಗೆ ಮುಟ್ಟಿಸಿದಳು. ಫ್ಯಾನು ಭರ್‌ರ್‌ ಎಂದು ತಿರುಗಿತು. ಕೂಡಲೇ ಮಂತ್ರಿ ಓಡಿ ಬಂದ.

"ನಿಲ್ಲಿಸು! ಎಲ್ಲಾ ತಂಪಾಗಿರುವಾಗ ಫ್ಯಾನು ತಿರುಗಿದರೆ ಏನರ್ಥ? ಎಲ್ಲೋ ಬಿಸಿ ಇದೆ ಎಂದರ್ಥ. ಇದು ರಾಜದ್ರೋಹ!"

ವಯರು ಕಿತ್ತಳು. ಫ್ಯಾನು ಸರಿ ಇದೆ, ಫ್ಯೂಸು ಸರಿ ಇದೆ, ನೀರೂ ಇದೆ. ಹಾಗಿದ್ದರೆ ಯಾರೋ ಸುಳ್ಳು ಹೇಳುತ್ತಿದ್ದಾರೆ. ಉಳಿದದ್ದು ಸೆನ್ಸರು. ಅದು ಹೆಬ್ಬೆರಳಿನಷ್ಟು ಉದ್ದ. ಎಂಜಿನ್ನಿನ ನೀರಿನಲ್ಲಿ ಮೂಗಿನವರೆಗೆ ಮುಳುಗಿ ಕೂತು, ನೀರು ಎಷ್ಟು ಬಿಸಿಯಾಗಿದೆ ಎಂದು ಮುಳ್ಳಿಗೂ ಫ್ಯಾನಿಗೂ ಸುದ್ದಿ ಮುಟ್ಟಿಸುವುದು ಅದರ ಕೆಲಸ. ದ್ಯಾವೀರಮ್ಮ ಎಂಜಿನ್ನು ಚಾಲೂ ಮಾಡಿ, ನೀರು ಕುದಿ ಬರುವವರೆಗೆ ಕಾದಳು.

"ಹೆಂಗೈತಪ್ಪಾ ಒಳಗೆ?" ಎಂದು ಕೇಳಿದಳು.

"ಎಲ್ಲಾ ತಂಪಾಗೈತೆ ಬುದ್ಧಿ," ಎಂದಿತು ಸೆನ್ಸರು.

"ನಾನು ಬುದ್ಧಿ ಅಲ್ಲ ಕಣೋ, ಮಿಸ್ತ್ರಿ."

"ಆದ್ರೂ ಎಲ್ಲಾ ತಂಪಾಗೈತೆ."

"ನೀರು ಕೊತಕೊತ ಕುದೀತೈತಲ್ಲೋ!"

"ಕುದೀತೈತೆ ತಾಯಿ. ತಂಪಾಗಿ ಕುದೀತೈತೆ."

ದ್ಯಾವೀರಮ್ಮನಿಗೆ ನಗು ಬಂತು. ಆದರೆ ಸೆನ್ಸರು ಅಳುತ್ತಿತ್ತು. ಅದಕ್ಕಿಂತ ಮೊದಲು ಆ ಕೆಲಸದಲ್ಲಿದ್ದ ಸೆನ್ಸರು ಒಂದು ಸಲ, ಒಂದೇ ಒಂದು ಸಲ, "ಬಿಸಿ" ಅಂದಿತ್ತಂತೆ. ಮಂತ್ರಿ ಅದನ್ನು ಕಿತ್ತು ಹಾಳುಬಾವಿಗೆ ಎಸೆದಿದ್ದ.

"ನಂಗಿಂತ ಮೊದ್ಲು ಯಾರಾದ್ರೂ ಅರಸರ ಮುಂದೆ ಆ ಮಾತಾಡಿ, ಬದುಕಿ ತೋರಿಸ್ಲಿ ತಾಯಿ. ಆಮೇಲೆ ನಾನೂ ಹೇಳ್ತೀನಿ," ಎಂದಿತು.

ದ್ಯಾವೀರಮ್ಮ ತಲೆ ಎತ್ತಿದಳು. ಅಂಗಳದಲ್ಲಿ ಮಾಯಣ್ಣ ಮೊರ ಬೀಸುತ್ತಿದ್ದ. ಕಾರು ನಿಂತಿದ್ದರೂ ಬೀಸುತ್ತಿದ್ದ. ಹೆಂಡತಿಯನ್ನು ನೋಡಿ ನಕ್ಕ, ಆದರೆ ಅವನ ಕೈಗೆ ನಿಲ್ಲುವುದು ಮರೆತುಹೋಗಿತ್ತು. ಅವಳಿಗೆ ಹೆದರಿಕೆ ಆಯಿತು. ಹೆದರಿಕೆಯನ್ನು ಹಾಗೇ ಇಟ್ಟುಕೊಂಡು ಅರಸನ ಮುಂದೆ ಹೋಗಿ ನಿಂತಳು.

"ಬಿಸಿ ಆಗೈತೆ ಬುದ್ಧಿ."

ಮಂತ್ರಿ ಮೂರ್ಛೆ ಹೋದ. ಸಭೆ ಕಿವಿ ಮುಚ್ಚಿಕೊಂಡಿತು.

"ಏನಂದೆ?" ಎಂದ ಅರಸ.

"ಬಿಸಿ ಅಂದೆ. ನಿಮ್ ಕಾರು ಬಿಸಿ ಆಗೈತೆ. ಈ ಹನ್ನೊಂದು ಜನರ ಅಂಗಾಲು ಬಿಸಿ ಆಗೈತೆ. ಮೂರು ವರ್ಷದಿಂದ ನನ್ ಹೊಟ್ಟೆ ಕುದೀತೈತೆ. ನಿಮಗೆ ಮಾತ್ರ ಎಲ್ಲಾ ತಂಪು!"

ಅರಸನ ಮೂಗು ಕೆಂಪಾಯಿತು. ಕಿವಿ ಕೆಂಪಾಯಿತು. ಕಿರೀಟದ ಸಂದಿನಿಂದ ಸಣ್ಣಗೆ ಹಬೆ ಎದ್ದಿತು. ಈ ಮಾತು ಹೇಳಿಕೊಟ್ಟವರು ಯಾರು ಎಂದು ನೋಡಲು ದಡದಡ ಬಂದು ಬಾನೆಟ್ಟಿನೊಳಗೆ ತಲೆ ಹಾಕಿದ. ಒಳಗಿನಿಂದ ಸೆನ್ಸರು ಇಣುಕಿ ನೋಡಿತು. ಮಿಸ್ತ್ರಿ ಇನ್ನೂ ಬದುಕಿದ್ದಳು! ಮೂರು ವರ್ಷದಿಂದ ತಡೆದಿಟ್ಟುಕೊಂಡಿದ್ದು ಒಂದೇ ಸಲ ಹೊರಗೆ ಬಂತು. "ಬಿಸಿ! ಬಿಸಿ! ಅಯ್ಯೋ, ಸುಡ್ತಾ ಐತೆ, ಬಿಸಿ!"

ಮುಳ್ಳು ಚಂಗನೆ ಮೇಲಕ್ಕೆ ಹಾರಿತು. ಫ್ಯಾನು ಭರ್‌ರ್‌ ಎಂದಿತು. ಗಾಳಿ ನೇರ ಅರಸನ ಮುಖಕ್ಕೆ ಬಡಿಯಿತು. ಅರಸ ತಣ್ಣಗಾದ. ಫ್ಯಾನು ನಿಂತಿತು.

"ಇವಳನ್ನು..." ಎಂದ ಅರಸ. ಅಷ್ಟಕ್ಕೇ ಮೂಗು ಕೆಂಪಾಯಿತು. "ಬಿಸಿ!" ಎಂದಿತು ಸೆನ್ಸರು. ಭರ್‌ರ್‌. ಅರಸ ತಣ್ಣಗಾದ.

"ಇವಳನ್ನು ಹಿಡಿದು..." ಎಂದ. ಕಿವಿ ಕೆಂಪಾಯಿತು. "ಬಿಸಿ!" ಭರ್‌ರ್‌. ತಣ್ಣಗಾದ.

ಹನ್ನೊಂದು ಸಲ ಹೀಗೇ ಆಯಿತು. ಶಿಕ್ಷೆ ಹೇಳಲು ಸಿಟ್ಟು ಬೇಕು. ಸಿಟ್ಟು ಬಂದರೆ ಫ್ಯಾನು ತಿರುಗುತ್ತದೆ. ಫ್ಯಾನು ತಿರುಗಿದರೆ ಸಿಟ್ಟು ಇರುವುದಿಲ್ಲ. ಹನ್ನೆರಡನೆಯ ಸಲ ಅರಸ, "ಇವಳನ್ನು... ಇವಳನ್ನು..." ಎಂದು ತಡವರಿಸಿ, ಕಡೆಗೆ, "ಅಲ್ಲವಮ್ಮ, ನಿನ್ನದು ಊಟ ಆಯಿತೇ?" ಎಂದು ಕೇಳಿದ.

"ಯಜಮಾನ್ರು ಮನೆಗೆ ಬಂದ್ಮೇಲೆ ಮಾಡ್ತೀನಿ ಬುದ್ಧಿ. ಬಾಕಿಯವರ ಮನೇಲೂ ಕಾಯ್ತಾವ್ರೆ."

ಅರಸ ಹನ್ನೊಂದು ಮೊರಗಳನ್ನೂ ಕೆಳಗಿಡಿಸಿದ. ಆವತ್ತೇ ಕಾರು ದಿಬ್ಬ ಹತ್ತಿತು. ಆಚೆ ಏನಿತ್ತು ಅನ್ನುತ್ತೀರಾ? ಇಳಿಜಾರಿತ್ತು.

ದ್ಯಾವೀರಮ್ಮ ಗಂಡನನ್ನು ಮನೆಗೆ ಕರೆತಂದಳು. ಒಲೆ ಹಚ್ಚಿದಳು. ಅನ್ನ ಬಸಿದು ತಟ್ಟೆಗೆ ಹಾಕಿ, ಮೇಲೆ ಸಾರು ಬಿಟ್ಟಳು. ಮಾಯಣ್ಣ ಆತುರದಲ್ಲಿ ಕೈ ಹಾಕಲು ಹೋದ.

"ನಿಧಾನ ರೀ, ಬಿಸಿ ಐತೆ. ಕೈ ಸುಟ್ಕೊಂಡೀರಿ," ಎಂದಳು.

ಮೂರು ವರ್ಷದಿಂದ ಅವನಿಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ಮಾಯಣ್ಣ ತಟ್ಟೆಯ ಮುಂದೆ ಕೂತು ಗೊಳೋ ಎಂದು ಅತ್ತ. ಅತ್ತು ಮುಗಿಸುವಷ್ಟರಲ್ಲಿ ಅನ್ನ ಹದಕ್ಕೆ ಆರಿತ್ತು. ಇಬ್ಬರೂ ಉಂಡರು.

ಇದರ ನೀತಿ ಏನೆಂದರೆ, ಕುದಿಯುವ ರೇಡಿಯೇಟರಿನ ಮುಚ್ಚಳವನ್ನು ಬರಿಗೈಯಲ್ಲಿ ತೆಗೆಯಬಾರದು. ಇದಕ್ಕಿಂತ ದೊಡ್ಡ ನೀತಿ ಬೇಕಾದವರು ದಿಬ್ಬ ಹತ್ತಿ ಅರಸನನ್ನೇ ಕೇಳಿಕೊಳ್ಳಿ. ನನ್ನ ಗಂಟಲು ಆರಿತು, ಬಾನೆಟ್ಟು ಮುಚ್ಚಿದೆ, ನೀವಿನ್ನು ಏಳಿ.