ಬರಿದಲೆ ಗುಡ್ಡ

ಹಾಲಗೊಂಡಿಯ ಕೆರೆ ಏರಿ ದಾಟಿ ಬಡಗಣಕ್ಕೆ ತಿರುಗಿದರೆ ಕಣಿವೆಯ ಬಾಯಲ್ಲೇ ಒಂದು ಗುಡ್ಡ ಸಿಗುತ್ತದೆ. ನೆತ್ತಿಯ ತುಂಬ ಕಮರದ ಮರಗಳಿದ್ದರೂ ಅದರ ಹೆಸರು ಬರಿದಲೆ ಗುಡ್ಡ. ಬುಡದಲ್ಲಿ ಬೈಕು ನಿಲ್ಲಿಸಿದವನು ಹೆಲ್ಮೆಟ್ಟನ್ನು ಅಲ್ಲೇ ಬಿಡುತ್ತಾನೆ, ಮುದುಕರು ರುಮಾಲು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಹತ್ತುತ್ತಾರೆ. ಯಾಕೆಂದು ಕೇಳಿದರೆ ಗಾದ್ರಪ್ಪನ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ ಈ ಕಣಿವೆಯ ಈಚೆಗೆ ಹಾಲಗೊಂಡಿ, ಆಚೆಗೆ ಕೆಂಚನದುರ್ಗ ಎಂಬ ಎರಡು ಪುಟ್ಟ ರಾಜ್ಯಗಳಿದ್ದವು. ಒಂದರಲ್ಲಿ ಕೋಳಿ ಕೂಗಿದರೆ ಇನ್ನೊಂದರಲ್ಲಿ ಜನ ಏಳುವಷ್ಟು ಹತ್ತಿರ. ಆದರೂ ತಲೆಮಾರುಗಳಿಂದ ಹೊಡೆದಾಟ. ಈಚೆಯವರದು ಬಿಳಿ ರುಮಾಲು, ಆಚೆಯವರದು ಕೆಂಪು. ಕಣಿವೆ ಕಾಯುವವರಿಗೆ ಮುಖ ನೋಡುವ ಪುರುಸೊತ್ತು ಎಲ್ಲಿಂದ ಬರಬೇಕು? ರುಮಾಲು ನೋಡಿಯೇ ಕವಣೆ ಬೀಸುತ್ತಿದ್ದರು. ಕೊನೆಗೆ ಹಾಲಗೊಂಡಿಯ ನಾಯಕ ಸಂಧಿಗೆ ಒಪ್ಪಿ, ಪರುಸಪ್ಪ ಎಂಬವನನ್ನು ಒಂಟಿಯಾಗಿ ರಾಯಭಾರಕ್ಕೆ ಕಳಿಸಿದ. ಕಣಿವೆಯ ಕಾವಲಿನ ಮುಖಂಡ ಗಾದ್ರಪ್ಪ ಅವನ ಒಡಹುಟ್ಟಿದ ತಮ್ಮ.

ಪರುಸಪ್ಪನ ಮಾತು ಫಲಿಸಿತು. ಕೆಂಚನದುರ್ಗದ ನಾಯಕ ಸಂತೋಷದಿಂದ ತನ್ನ ತಲೆಯ ಕೆಂಪು ರುಮಾಲನ್ನೇ ಬಿಚ್ಚಿ ಅವನಿಗೆ ಸುತ್ತಿದನಂತೆ. ಹಾಗೆ ಬಂದ ಮರ್ಯಾದೆಯನ್ನು ಸ್ವಂತ ಮನೆಯ ಹೊಸ್ತಿಲು ದಾಟುವ ಮೊದಲು ಇಳಿಸಿದರೆ ಕೊಟ್ಟವರಿಗೆ ಅವಮಾನ. ಪರುಸಪ್ಪ ಅದನ್ನು ಸುತ್ತಿಕೊಂಡೇ, ಹಗುರ ಮನಸ್ಸಿನಿಂದ, ಇಳಿಬಿಸಿಲಿನಲ್ಲಿ ಕಣಿವೆಗಿಳಿದ. ಬಿಳಿ ರುಮಾಲಿನ ಅಣ್ಣನಿಗಾಗಿ ಒಬ್ಬನೇ ಕಾಯುತ್ತಿದ್ದ ಗಾದ್ರಪ್ಪನಿಗೆ ಬಂಡೆಗಳ ನಡುವೆ ಕಂಡದ್ದು ಬರೀ ಕೆಂಪು. ಕವಣೆಯ ಕಲ್ಲು ತಲೆಬುರುಡೆ ಒಡೆಯಿತು. ಪದ್ಧತಿಯಂತೆ ವೈರಿಯ ತಲೆ ಕಡಿಯಲು ಕತ್ತಿ ಹಿರಿದು, ಬಿದ್ದವನ ಕೂದಲು ಹಿಡಿದು ಮುಖವನ್ನು ತನ್ನತ್ತ ತಿರುಗಿಸಿದ. ಅಣ್ಣನ ಒಂದು ಕಣ್ಣು ಇನ್ನೂ ಅವನನ್ನು ನೋಡುತ್ತಿತ್ತು.

ದುಃಖಕ್ಕಿಂತ ಮೊದಲು ಬಂದದ್ದು ಹೆದರಿಕೆ. ಗಾದ್ರಪ್ಪ ಕೆಂಪು ರುಮಾಲನ್ನು ಸೊಂಟದ ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ಹೆಣ ಹೊತ್ತು ತಂದ. ಯಾರೂ ಅವನನ್ನು ಏನೂ ಕೇಳಲಿಲ್ಲ. ಕೆಂಚನದುರ್ಗದವರೇ ಕೊಂದರೆಂದು ಊರೇ ತೀರ್ಮಾನಿಸಿತ್ತು. ಮರುದಿನ ಈ ಗುಡ್ಡದ ಇಳಿಜಾರಿನಲ್ಲಿ ಎರಡು ದಂಡುಗಳೂ ಒಂದರ ಮೇಲೊಂದು ಬಿದ್ದವು. ಹೊರಬಂದ ಕರುಳನ್ನು ಕೈಯಲ್ಲಿ ಹಿಡಿದು ಓಡಿದವರಿದ್ದರು, ಬಿದ್ದವರ ಎದೆ ತುಳಿದು ಮೇಲೇರಿದವರಿದ್ದರು. ಈಚೆಯವರು ಪರುಸಪ್ಪನ ಹೆಸರು ಕೂಗುತ್ತಲೇ ಕಡಿಯುತ್ತಿದ್ದರು. ಆ ಕೂಗು ಕೇಳಿ ಗಾದ್ರಪ್ಪನಿಗೆ ತಾಳಲಾಗಲಿಲ್ಲ. ಗುಡ್ಡದ ನೆತ್ತಿ ಹತ್ತಿ, ರಕ್ತ ಒಣಗಿದ ರುಮಾಲನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

“ನಮ್ಮಣ್ಣನ್ನ ಕೊಂದೋನು ನಾನು. ಅವ್ರು ಮರ್ಯಾದೆ ಮಾಡಿ ಕಳಿಸಿದ್ರು, ಈ ಬಣ್ಣ ನೋಡಿ ನಾನು ಕಲ್ಲು ಬೀಸ್ದೆ,” ಎಂದು ಕೂಗಿದ. ತನ್ನ ಬಿಳಿ ರುಮಾಲನ್ನೂ ಕಿತ್ತು ಎರಡನ್ನೂ ಕೆಳಕ್ಕೆಸೆದ. “ಈಗ ಹೇಳ್ರಪ್ಪ, ನಾನು ಯಾರ ಕಡೆಯೋನು? ಯಾರು ಹೊಡೀತೀರಿ?”

ಹೊಡೆದವನು ಅವನ ಕಡೆಯ ನಾಯಕನೇ. ಕಲ್ಲು ಹಣೆಗೆ ಬಡಿದು ಗಾದ್ರಪ್ಪ ಅಲ್ಲೇ ಸತ್ತ. ನಾಯಕ ಮತ್ತೆ ದಂಡನ್ನು ಮುಂದೆ ನುಗ್ಗಿಸಲು ಹೊರಟಾಗ, ಹಿಂದಿದ್ದ ಮುದಿ ಬಂಟನೊಬ್ಬ ತನ್ನ ರುಮಾಲು ಬಿಚ್ಚಿ ನೆಲಕ್ಕೆ ಹಾಕಿದ. ಪಕ್ಕದವನೂ ಬಿಚ್ಚಿದ. ಆಚೆಯವರೂ ಬಿಚ್ಚತೊಡಗಿದರು. ಧೂಳು, ರಕ್ತ ಮೆತ್ತಿದ ಆ ಬರಿದಲೆಗಳಲ್ಲಿ ಯಾರನ್ನು ಕಡಿಯಬೇಕೆಂದು ಯಾರಿಗೂ ತಿಳಿಯಲಿಲ್ಲ ಎನ್ನುತ್ತಾರೆ.

ಗುಡ್ಡದ ಮೇಲೆ ಈಗಲೂ ಎರಡು ಕಲ್ಲುಗಳು ನಿಂತಿವೆ, ಅಣ್ಣನದೊಂದು, ತಮ್ಮನದೊಂದು. ಅಲ್ಲಿ ಹೂವಿಲ್ಲ, ಕಾಯಿಯಿಲ್ಲ. ಹತ್ತಿ ಬಂದವರು ಪಕ್ಕದಲ್ಲಿ ನಿಂತವರ ಮುಖವನ್ನು ಒಮ್ಮೆ ಸರಿಯಾಗಿ ನೋಡಿ ಕೆಳಗಿಳಿಯುತ್ತಾರೆ. ಅಲ್ಲಿಯ ಪೂಜೆ ಅಷ್ಟೇ.